ರೈಲು ಯಾರಪ್ಪನ ಸ್ವತ್ತು?

ರೈಲು ಜನರ ಸ್ವತ್ತಾಗಬೇಕು ಅಂತ ಜನ ಹೇಳಿಬಿಟ್ಟರೆ ಸಾಕೆ? ಸಾಲದು ಅನ್ನುತ್ತದೆ ಬ್ರಿಟನ್ನಿನ ಚರಿತ್ರೆ. ಅಲ್ಲಿನ ಜನ ಮಾರಬೇಡಿ ಅಂದರು, ಸರ್ಕಾರ ಮಾರಿತು. ವಾಪಸ್ ತಗೊಳ್ಳಿ ಅಂದರು, ಮೂವತ್ತು ವರ್ಷ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಸರ್ಕಾರಿ ನೌಕರಿಯ ಮೀಸಲಾತಿಯೊಂದೇ ಬಾಗಿಲು ಅಂತ ಬದುಕುತ್ತಿರುವ ನಾವು ಈ ಕತೆಯನ್ನು ಕಣ್ಣುಬಿಟ್ಟು ಓದಬೇಕು.

ಬ್ರಿಟನ್ನಿನಲ್ಲಿ ಹಳಿ ಹಾಕಿದ್ದು ಖಾಸಗಿ ಕಂಪನಿಗಳೇ. ಎರಡನೇ ಮಹಾಯುದ್ಧ ಮುಗಿಯುವಷ್ಟರಲ್ಲಿ ರೈಲುಗಳು ಸವೆದು ಹಣ್ಣಾಗಿದ್ದವು. ಆಟ್ಲಿಯವರ ಲೇಬರ್ ಸರ್ಕಾರ 1948ರ ಜನವರಿ 1ರಂದು ಅವನ್ನು ರಾಷ್ಟ್ರದ ಸ್ವತ್ತು ಮಾಡಿತು. ಷೇರುದಾರರಿಗೆ ಪರಿಹಾರವೂ ಸಿಕ್ಕಿತು. ಮುಂದೆ ಬಂದ ಥ್ಯಾಚರ್ ಫೋನು, ಗ್ಯಾಸು, ನೀರು ಎಲ್ಲವನ್ನೂ ಮಾರಿದರೂ ರೈಲಿಗೆ ಮಾತ್ರ ಕೈ ಹಾಕಲಿಲ್ಲ. ಕೈ ಹಾಕಿದ್ದು ಜಾನ್ ಮೇಜರ್, 1993ರ ಕಾಯ್ದೆಯಿಂದ. ಜನಾಭಿಪ್ರಾಯದ ಸಮೀಕ್ಷೆಗಳಲ್ಲಿ ಬಹುಪಾಲು ಜನ ಬೇಡ ಅಂದರು. ಆಳುವ ಪಕ್ಷದವರೇ ಆದ ರಾಬರ್ಟ್ ಆಡ್ಲಿ, ಇದು ಗಾಲಿ ಕಟ್ಟಿಕೊಂಡ ತಲೆಗಂದಾಯ ಅಂತ ಹೀಯಾಳಿಸಿದರು. ಆದರೂ ಮಾರಾಟ ನಿಲ್ಲಲಿಲ್ಲ.

ಮಾರಿದ್ದು ಹೇಗೆ? ಹಬ್ಬದ ಕುರಿಯನ್ನು ಪಾಲು ಹಾಕಿದ ಹಾಗೆ. ಹಳಿ ರೈಲ್‌ಟ್ರ್ಯಾಕ್ ಅನ್ನುವ ಕಂಪನಿಗೆ, ಬೋಗಿಗಳು ಬಾಡಿಗೆಗೆ ಕೊಡುವ ಮೂರು ಕಂಪನಿಗಳಿಗೆ, ರೈಲು ಓಡಿಸುವ ಹಕ್ಕು ಇಪ್ಪತ್ತೈದು ಗುತ್ತಿಗೆಗಳಿಗೆ, ಹಳಿಯ ದುರಸ್ತಿ ಬೇರೆ ಕಂಟ್ರಾಕ್ಟರುಗಳಿಗೆ. ಬೋಗಿ ಕಂಪನಿಗಳಲ್ಲಿ ಪೋರ್ಟರ್‌ಬ್ರೂಕ್ ಒಂದು. 1996ರ ಜನವರಿಯಲ್ಲಿ ಅದರ ಮ್ಯಾನೇಜರುಗಳು ಹಣವಂತರ ಜೊತೆ ಸೇರಿ 52.7 ಕೋಟಿ ಪೌಂಡಿಗೆ ಅದನ್ನು ಕೊಂಡರು. ಅದೇ ವರ್ಷ 82.5 ಕೋಟಿಗೆ ಮಾರಿದರು. ಒಂದು ಹೊಸ ಬೋಗಿ ಕಟ್ಟಿದ್ದಕ್ಕೆ ಬಂದ ಲಾಭವಲ್ಲ ಇದು. ಜನರ ಸ್ವತ್ತನ್ನು ಜನರಿಂದಲೇ ಅಗ್ಗಕ್ಕೆ ಕಿತ್ತುಕೊಂಡ ಲಾಭ.

ಬೆಲೆ ತೆತ್ತವರು ಯಾರು? 2000ನೇ ಇಸವಿ ಅಕ್ಟೋಬರ್ 17ರಂದು ಹ್ಯಾಟ್‌ಫೀಲ್ಡ್ ಬಳಿ ಬಿರುಕು ಬಿಟ್ಟಿದ್ದ ಹಳಿ ರೈಲಿನಡಿಯಲ್ಲಿ ಚೂರುಚೂರಾಯಿತು. ನಾಲ್ವರು ಸತ್ತರು. ಬಿರುಕು ಇರುವುದು ಮೊದಲೇ ಗೊತ್ತಿತ್ತು. ಬದಲಿಗೆ ಹಾಕಬೇಕಾದ ಹೊಸ ಹಳಿ ತಿಂಗಳುಗಟ್ಟಲೆ ಪಕ್ಕದಲ್ಲೇ ಬಿದ್ದಿತ್ತು! ಹಳಿಯ ಒಡೆಯ ಒಬ್ಬ, ದುರಸ್ತಿ ಮಾಡುವವನು ಇನ್ನೊಬ್ಬ. ದಿನಾ ಹಳಿಯ ಮೇಲೆ ನಡೆದು, ಸುತ್ತಿಗೆಯಲ್ಲಿ ತಟ್ಟಿ, ಸದ್ದಿನಲ್ಲೇ ರೋಗ ಹಿಡಿಯುತ್ತಿದ್ದ ಹಳೆಯ ಕೆಲಸಗಾರನ ಅರಿವಿಗೆ ಕಂಟ್ರಾಕ್ಟಿನ ಕಾಗದದಲ್ಲಿ ಜಾಗವಿರಲಿಲ್ಲ. ಮರುವರ್ಷ ರೈಲ್‌ಟ್ರ್ಯಾಕ್ ಕುಸಿದುಬಿತ್ತು. 2002ರಲ್ಲಿ ಹಳಿಗಳು ಲಾಭಕ್ಕಾಗಿ ದುಡಿಯದ ನೆಟ್‌ವರ್ಕ್ ರೈಲ್‌ಗೆ ಬಂದವು.

ರೈಲು ಓಡಿಸುವ ದಂಧೆ ಮಾತ್ರ ಖಾಸಗಿಯವರ ಕೈಯಲ್ಲೇ ಉಳಿಯಿತು. ವಿರೋಧ ಪಕ್ಷದಲ್ಲಿದ್ದಾಗ ಜನರ ರೈಲು ಅಂತ ಮಾತಾಡಿದ್ದ ಲೇಬರ್ ಪಕ್ಷ 1997ರಲ್ಲಿ ಗೆದ್ದು ಹದಿಮೂರು ವರ್ಷ ಆಳಿದರೂ ವಾಪಸ್ ತರಲಿಲ್ಲ. 2004ರಲ್ಲಿ ಅದರ ಸಮ್ಮೇಳನವೇ ವಾಪಸ್ ತನ್ನಿ ಅಂತ ಮತ ಹಾಕಿದರೂ ನಾಯಕರು ಕಿವುಡರಾದರು. ಇನ್ನೊಂದು ತಮಾಷೆ ನೋಡಿ. ಬ್ರಿಟನ್ ಸರ್ಕಾರಕ್ಕೆ ರೈಲು ನಡೆಸೋಕೆ ಬರಲ್ಲ ಅಂತ ಮಾರಿದರೆ, ಗುತ್ತಿಗೆ ಹಿಡಿದವರಲ್ಲಿ ಜರ್ಮನಿ, ಹಾಲೆಂಡ್, ಫ್ರಾನ್ಸ್, ಇಟಲಿಗಳ ಸರ್ಕಾರಿ ರೈಲ್ವೆಗಳ ಕಂಪನಿಗಳೇ ಇದ್ದವು! ಕನ್ಸರ್ವೇಟಿವ್ ಪಕ್ಷಕ್ಕೆ ಮತ ಹಾಕುವವರಲ್ಲೂ ದೊಡ್ಡ ಪಾಲು ರಾಷ್ಟ್ರೀಕರಣಕ್ಕೆ ಒಲಿಯಿತು. ಕೊನೆಗೆ 2024ರ ನವೆಂಬರಿನಲ್ಲಿ ಕಾಯ್ದೆ ಬಂತು. ಅದರಡಿ 2025ರ ಮೇ 25ರಂದು ಸೌತ್ ವೆಸ್ಟರ್ನ್ ರೈಲ್ವೆ ಮೊದಲಿಗೆ ವಾಪಸಾಯಿತು. ಬೋಗಿ ಬಾಡಿಗೆಯ ಧಣಿಗಳನ್ನು ಮಾತ್ರ ಆ ಕಾಯ್ದೆ ಮುಟ್ಟಲಿಲ್ಲ.

ಇಷ್ಟಕ್ಕೇ ಚಪ್ಪಾಳೆ ತಟ್ಟಿ ಏಳಬೇಕೆ? ನಾವು ಇನ್ನೊಂದು ಪ್ರಶ್ನೆ ಕೇಳಬೇಕು. ಸಾರ್ವಜನಿಕರು ಅಂದರೆ ಯಾರು?

1966ರಲ್ಲಿ ಬ್ರಿಟನ್ನಿನ ರೈಲು ಪೂರ್ತಿ ಸರ್ಕಾರದ್ದೇ ಆಗಿತ್ತು. ಡೊಮಿನಿಕಾ ದ್ವೀಪದಿಂದ ಬಂದಿದ್ದ ಆಸ್ಕ್ವಿತ್ ಝೇವಿಯರ್ ಅನ್ನುವ ಕರಿಯ ಗಾರ್ಡು ಲಂಡನ್ನಿನ ಯೂಸ್ಟನ್ ಸ್ಟೇಷನ್ನಿಗೆ ವರ್ಗ ಕೇಳಿದರು. ಬಣ್ಣದ ಕಾರಣಕ್ಕೆ ಆಗಲ್ಲ ಅಂದರು. ಅಂದವರಲ್ಲಿ ಅಲ್ಲಿನ ಕೆಲಸಗಾರರ ಪ್ರತಿನಿಧಿಗಳೇ ಮುಂದಿದ್ದರು. ಗದ್ದಲ ಎದ್ದ ಮೇಲೆ ಆ ವರ್ಷದ ಆಗಸ್ಟಿನಲ್ಲಿ ಅವರಿಗೆ ಆ ಕೆಲಸ ಸಿಕ್ಕಿತು.

ಬಣ್ಣ ಅಲ್ಲಿ ಮಾಡಿದ್ದನ್ನು ಜಾತಿ ಇಲ್ಲಿ ಅದಕ್ಕೂ ಮೊದಲೇ ಮಾಡಿತ್ತು. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಲಂಡನ್ನಿನ ಕಂಪನಿ. ನಮ್ಮ ರೈತರ ಕಂದಾಯದಿಂದ ಅದರ ಷೇರುದಾರರಿಗೆ ನೂರಕ್ಕೆ ಐದರ ಲಾಭ ಖಾತ್ರಿ ಮಾಡಿಕೊಟ್ಟಿದ್ದರು. ಭಾರತೀಯರ ಒತ್ತಾಯ ಬೆಳೆದು 1925ರಲ್ಲಿ ಅದರ ಆಡಳಿತ ಸರ್ಕಾರಕ್ಕೆ ಬಂತು. ಆಮೇಲೆ ಹದಿಮೂರು ವರ್ಷಕ್ಕೆ, 1938ರ ಫೆಬ್ರವರಿಯಲ್ಲಿ, ಮನಮಾಡದಲ್ಲಿ ಆ ರೈಲ್ವೆಯ ದಲಿತ ಕಾರ್ಮಿಕರ ಸಮ್ಮೇಳನ ಸೇರಿತು. ಬಾಬಾಸಾಹೇಬರು ಅಲ್ಲಿ ಏನಂದರು? ನಮ್ಮವನು ಗ್ಯಾಂಗ್‌ಮನ್ ಆಗಿ ಸೇರಿ ಗ್ಯಾಂಗ್‌ಮನ್ ಆಗಿಯೇ ಮುಗಿಯುತ್ತಾನೆ; ಅವನು ಪೋರ್ಟರ್ ಕೂಡ ಆಗಲಾರ, ಯಾಕಂದ್ರೆ ಪೋರ್ಟರ್ ಸ್ಟೇಷನ್ ಮಾಸ್ತರರ ಮನೆಗೆಲಸವನ್ನೂ ಮಾಡಬೇಕು, ಅಸ್ಪೃಶ್ಯನನ್ನು ಮಾಸ್ತರರು ಮನೆಯೊಳಗೆ ಬಿಟ್ಟುಕೊಳ್ಳಲ್ಲ. ಕಾರ್ಮಿಕನಿಗೆ ಇಬ್ಬರು ಶತ್ರುಗಳು, ಬ್ರಾಹ್ಮಣ್ಯ ಮತ್ತು ಬಂಡವಾಳಶಾಹಿ, ಅಂತ ಅವರು ಸಾರಿದ್ದು ಅದೇ ಸಮ್ಮೇಳನದಲ್ಲಿ. ರೈಲಿನ ಒಡೆಯ ಬದಲಾಗಿದ್ದ. ಮಾಸ್ತರರ ಹೊಸ್ತಿಲು ಬದಲಾಗಿರಲಿಲ್ಲ.

ಹಾಗಂತ ಬಾಬಾಸಾಹೇಬರು ಸರ್ಕಾರದ ಒಡೆತನ ಬೇಡ ಅನ್ನಲಿಲ್ಲ. 1947ರಲ್ಲಿ ಮೂಲ ಉದ್ಯಮಗಳೆಲ್ಲ ಪ್ರಭುತ್ವದ ಕೈಯಲ್ಲಿರಬೇಕು, ಅದು ಸಂವಿಧಾನದಲ್ಲೇ ಬರೆದಿರಬೇಕು ಅಂತ ಒತ್ತಿ ಹೇಳಿದರು. ಇವತ್ತು ಮೀಸಲಾತಿ ಇರುವುದು ಸರ್ಕಾರದ ನೌಕರಿಯಲ್ಲಿ. ರೈಲು ಧಣಿಯ ಪಾಲಾದ ದಿನ ಆ ಬಾಗಿಲೂ ಮುಚ್ಚಿತು ಅಂತಲೇ ಅರ್ಥ. ಆದರೆ ಅದೇ ಸರ್ಕಾರದ ರೈಲ್ವೆಗೆ, ಹಳಿಯ ಮೇಲಿನ ಮಲವನ್ನು ಮನುಷ್ಯರಿಂದ ಎತ್ತಿಸುವುದನ್ನು ಕಾಲಮಿತಿ ಹಾಕಿಕೊಂಡು ನಿಲ್ಲಿಸಿ ಅಂತ 2014ರಲ್ಲಿ ಸುಪ್ರೀಂ ಕೋರ್ಟು ಹೇಳಬೇಕಾಯಿತು. ಎತ್ತುತ್ತಿದ್ದವರು ಯಾವ ಕೇರಿಯವರು ಅಂತ ಬಿಡಿಸಿ ಹೇಳಬೇಕೆ?

ಆದ್ದರಿಂದ ನಮ್ಮ ಬೇಡಿಕೆ ಎರಡು. ರೈಲು ಮಾರಬೇಡಿ, ಇದು ಒಂದು. ಹಳಿ ಕಾಯುವವನನ್ನು ಕಂಟ್ರಾಕ್ಟಿಗೆ ತಳ್ಳದೆ ಕಾಯಂ ನೌಕರಿ ಕೊಡಿ, ಹಳಿಯ ಕೆಲಸದಿಂದ ರೈಲ್ವೆ ಬೋರ್ಡಿನ ಕುರ್ಚಿಯವರೆಗೂ ಅವನ ಮಕ್ಕಳಿಗೆ ದಾರಿ ಬಿಡಿ, ಇದು ಇನ್ನೊಂದು. ಮೊದಲನೆಯದು ಕೊಟ್ಟು ಎರಡನೆಯದನ್ನು ತಡೆಹಿಡಿದರೆ ನಾವು ಸುಮ್ಮನೆ ಕೂರುವುದಿಲ್ಲ.