ಇನ್ನೊಂದು ಡಿಸೆಂಬರ್ 6



ಡಿಸೆಂಬರ್ 6 ಅಂದ್ರೆ ನಮಗೆ ಬಾಬಾಸಾಹೇಬರ ಪರಿನಿಬ್ಬಾಣದ ದಿನ. ಬನಶಂಕರಿಯಲ್ಲಿ ಮೇಣದಬತ್ತಿ ಹಚ್ಚಿ ಮನೆಗೆ ಬಂದ ಮೇಲೆ ನನಗೆ ಪ್ರತಿ ವರ್ಷ ಇನ್ನೊಂದು ಡಿಸೆಂಬರ್ 6 ನೆನಪಾಗುತ್ತೆ, 1971ರದ್ದು. ಅವತ್ತು ಸೋಮವಾರ. ಬಾಂಗ್ಲಾದೇಶಕ್ಕೆ ಭಾರತ ಮಾನ್ಯತೆ ಕೊಟ್ಟಿದೆ ಅಂತ ಇಂದಿರಾ ಗಾಂಧಿ ಲೋಕಸಭೆಯಲ್ಲಿ ಹೇಳಿದ್ರು. ಸದನದ ತುಂಬ ಹರ್ಷೋದ್ಗಾರ.

ಆ ಒಂದು ಮಾತಿಗೆ ಎಂಟು ತಿಂಗಳು ಹಿಡೀತು. ಮಾರ್ಚ್ 25ರ ರಾತ್ರಿ ಢಾಕಾದಲ್ಲಿ ಪಾಕ್ ಸೇನೆ ಕಗ್ಗೊಲೆ ಶುರು ಮಾಡಿತ್ತು. ಮಾರ್ಚ್ 31ಕ್ಕೆ ನಮ್ಮ ಸಂಸತ್ತು ಒಮ್ಮತದಿಂದ ನಿರ್ಣಯ ಮಾಡಿತು. ಅದರಲ್ಲಿ ಸಹಾನುಭೂತಿ ಇತ್ತು, ಬೆಂಬಲ ಇತ್ತು, ಮಾನ್ಯತೆ ಇರಲಿಲ್ಲ. ಜನಸಂಘದ ವಾಜಪೇಯಿ, ಪಿಎಸ್‌ಪಿಯ ಸಮರ್ ಗುಹಾ ಅಂಥವರು ಮಾನ್ಯತೆ ಕೊಡಿ ಅಂತ ಪಟ್ಟು ಹಿಡಿದ್ರು. ಆಗಸ್ಟ್‌ನಲ್ಲಿ ಜನಸಂಘ ಇದಕ್ಕೇ ಸತ್ಯಾಗ್ರಹ ಮಾಡಿತು. ಸರ್ಕಾರದ ಉತ್ತರ ಒಂದೇ: ಸೂಕ್ತ ಸಮಯದಲ್ಲಿ. ಆಫೀಸಲ್ಲಿ ಈ ಎರಡು ಪದ ನಾನೇ ಎಷ್ಟು ಸಲ ಟೈಪ್ ಮಾಡಿದೀನೋ! ಅದರ ಅರ್ಥ ನನಗೆ ಗೊತ್ತು.

ಮೊದಲೆಲ್ಲ ಇದು ಬರೀ ಹಿಂಜರಿಕೆ ಅಂದ್ಕೊಂಡಿದ್ದೆ. ಈಗ ಪೂರ್ತಿ ಹಾಗನ್ನಿಸಲ್ಲ. ಅವಸರಪಟ್ಟು ಮಾನ್ಯತೆ ಕೊಟ್ಟಿದ್ರೆ ಯುದ್ಧಕ್ಕೆ ನಾವೇ ಕಾರಣ ಅಂತ ಜಗತ್ತು ಹೇಳ್ತಿತ್ತು. ಆಗಸ್ಟ್ 9ರ ಸೋವಿಯತ್ ಒಪ್ಪಂದ ಆಗೋವರೆಗೆ ಬೆನ್ನಿಗೆ ಯಾರೂ ಇರಲಿಲ್ಲ. ಆದ್ರೆ ಆ ಕಾಯುವಿಕೆಯ ಬೆಲೆ ಕಟ್ಟಿದ್ದು ದೆಹಲಿ ಅಲ್ಲ. ಗಡಿ ದಾಟಿ ಬಂದವರು ಸುಮಾರು ಒಂದು ಕೋಟಿ. ಅವರಲ್ಲಿ ದೊಡ್ಡ ಪಾಲು ಹಿಂದೂಗಳು, ಅದರಲ್ಲೂ ನಾಮಶೂದ್ರರು ಎಷ್ಟೋ ಜನ. ನಮ್ಮವರೇ.

ಹೇಗೆ ನಮ್ಮವರು ಅಂತೀರಾ? 1946ರಲ್ಲಿ ಬಾಂಬೆಯಿಂದ ಸಂವಿಧಾನ ಸಭೆಗೆ ಹೋಗೋ ಬಾಗಿಲು ಬಾಬಾಸಾಹೇಬರಿಗೆ ಮುಚ್ಚಿದಾಗ ಬಂಗಾಳದಿಂದ ಅವರನ್ನು ಗೆಲ್ಲಿಸಿ ಕಳಿಸಿದ್ದು ಜೋಗೇಂದ್ರನಾಥ ಮಂಡಲ್ ಮತ್ತು ಅವರ ಸಂಗಾತಿಗಳು. ಜೆಸ್ಸೋರ್-ಖುಲ್ನಾ ಸೀಟು ಅಂತ ನಾವು ಹೇಳ್ತೀವಲ್ಲ, ಆ ನೆಲದ ಬಹುಪಾಲು ವಿಭಜನೆಯಲ್ಲಿ ಪಾಕಿಸ್ತಾನಕ್ಕೆ ಹೋಯ್ತು. ಮಂಡಲ್ ಪಾಕಿಸ್ತಾನದ ಮೊದಲ ಕಾನೂನು ಮಂತ್ರಿಯಾದ್ರು. ತಮ್ಮ ಜನರ ಮೇಲಿನ ಹಿಂಸೆ ತಡೆಯೋಕಾಗದೆ 1950ರಲ್ಲಿ ರಾಜೀನಾಮೆ ಕೊಟ್ಟು ಕಲ್ಕತ್ತಾಕ್ಕೆ ಬಂದ್ರು. ಮರುವರ್ಷ ಬಾಬಾಸಾಹೇಬರೂ ತಮ್ಮ ರಾಜೀನಾಮೆಯ ಹೇಳಿಕೆಯಲ್ಲಿ ಪೂರ್ವ ಬಂಗಾಳದ ನಮ್ಮ ಜನರ ಪಾಡನ್ನು ಎತ್ತಿದ್ರು. ಇಪ್ಪತ್ತು ವರ್ಷ ಆದ್ಮೇಲೆ ಪಾಕ್ ಸೇನೆ ಜೆಸ್ಸೋರ್ ಬಿಟ್ಟು ಓಡಿದ್ದೂ ಡಿಸೆಂಬರ್ 6ರಂದೇ.

ಆಗ ರಕ್ಷಣಾ ಮಂತ್ರಿ ಬಾಬು ಜಗಜೀವನ ರಾಂ. ಡಿಸೆಂಬರ್ 16ರ ವಾಟ್ಸಾಪ್ ಸ್ಟೇಟಸ್‌ಗಳಲ್ಲಿ ಇಂದಿರಾ, ಮಾಣೆಕ್‌ಷಾ ಇರ್ತಾರೆ. ಬಾಬೂಜಿ ಫೋಟೊ ನಾನು ಕಂಡಿದ್ದು ಕಮ್ಮಿ.

ಈ ಕಥೆ ನಮ್ಮ ರಾಯಚೂರಿಗೂ ಬಂದಿದೆ. ಪೂರ್ವ ಬಂಗಾಳದಿಂದ ಬಂದ ನೂರಾರು ಕುಟುಂಬಗಳನ್ನು ಸರ್ಕಾರ ಸಿಂಧನೂರು ತಾಲ್ಲೂಕಿನ ಕ್ಯಾಂಪುಗಳಲ್ಲಿ ನೆಲೆಗೊಳಿಸಿತು. ಅಲ್ಲಿ ಹೆಚ್ಚಿನವರು ನಾಮಶೂದ್ರರು. ಪಶ್ಚಿಮ ಬಂಗಾಳದಲ್ಲಿ ಅವರು ಪರಿಶಿಷ್ಟ ಜಾತಿ. ಕರ್ನಾಟಕದ 101 ಜಾತಿಗಳ ಪಟ್ಟಿಯಲ್ಲಿ ಆ ಹೆಸರಿಲ್ಲ. ಒಳಮೀಸಲಾತಿ ಬಗ್ಗೆ ಇಷ್ಟು ವರ್ಷ ಗಂಟಲು ಹರ್ಕೊಂಡ ನಾವು, ನನ್ನನ್ನೂ ಸೇರಿಸಿ, ಇವರ ಹೆಸರು ಎತ್ತಿದ್ದು ಎಷ್ಟು ಸಲ?

ಸಿಂಧನೂರು ಕಡೆಯ ಗೆಳೆಯರು ಇದನ್ನು ಓದ್ತಿದ್ರೆ, ಕ್ಯಾಂಪಿನ ಹುಡುಗರು ಕಾಲೇಜು ಅರ್ಜಿಯ ಜಾತಿ ಕಾಲಂನಲ್ಲಿ ಏನು ಬರೀತಿದಾರೆ ಅಂತ ದಯವಿಟ್ಟು ತಿಳಿಸಿ.