ಕೌಶಿಕದಿಂದ ಕ್ಯಾಲಿಫೋರ್ನಿಯಾಕ್ಕೆ

ಜೂನ್ 21 ಬಂತೆಂದರೆ ನಮ್ಮ ಜಿಲ್ಲೆಯ ಶಾಲಾ ಮೈದಾನಗಳಲ್ಲಿ ಭಾಷಣಕಾರರು ಪತಂಜಲಿಯಿಂದ ಶುರು ಮಾಡಿ ಒಂದೇ ನೆಗೆತಕ್ಕೆ ವಿಶ್ವಸಂಸ್ಥೆಗೆ ಬಂದು ನಿಲ್ಲುತ್ತಾರೆ. ನಡುವೆ ನಡೆದದ್ದು ಯಾರಿಗೂ ಬೇಡ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಶಾಲೆಗಳಲ್ಲಿ ಪಿ.ಟಿ. ಮೇಷ್ಟ್ರಾಗಿ ಸೀಟಿ ಊದಿ ನಿವೃತ್ತನಾದವನು ನಾನು. ನನ್ನ ತಕರಾರು ಒಂದೇ. ಇವತ್ತು ನ್ಯೂಯಾರ್ಕಿನಿಂದ ಟೋಕಿಯೋವರೆಗೆ ಜನ ಬೆವರಿಳಿಸಿ ಮಾಡುವ ಯೋಗದ ಒಂದು ದೊಡ್ಡ ಕವಲು ಚಿಗುರಿದ್ದು ಹಾಸನದಲ್ಲಿ, ಅದನ್ನು ಹಾಸನದವರೇ ಹೇಳುವುದಿಲ್ಲ.

1927ರ ಮಾತು. ಚಿತ್ರದುರ್ಗ ಸೀಮೆಯ ಮುಚುಕುಂದಪುರದಲ್ಲಿ 1888ರಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು ಆಗ ನಮ್ಮ ಮಲೆನಾಡಿನ ಕಾಫಿ ತೋಟದಲ್ಲಿ ಕೆಲಸಕ್ಕಿದ್ದರು. ಷಡ್ದರ್ಶನ ಓದಿದ ಪಂಡಿತ, ಹೊಟ್ಟೆಪಾಡಿಗೆ ತೋಟದ ಉಸ್ತುವಾರಿ. ಬಿಡುವಾದಾಗ ಊರೂರಿನಲ್ಲಿ ಯೋಗದ ಉಪನ್ಯಾಸ, ಪ್ರದರ್ಶನ. ಹಾಸನದ ಜುಬಿಲಿ ಹಾಲ್‌ನಲ್ಲಿ ಹಾಗೊಂದು ಪ್ರದರ್ಶನ ನಡೆದಾಗ ನೋಡುವವರ ನಡುವೆ ಹನ್ನೆರಡು ವರ್ಷದ ಒಬ್ಬ ಹುಡುಗ ಕೂತಿದ್ದ. ಪಕ್ಕದ ಕೌಶಿಕದವನು, ಜೋಯಿಸರ ಮನೆಯ ಮಗ, ಹೆಸರು ಪಟ್ಟಾಭಿ. ಆಸನದಿಂದ ಆಸನಕ್ಕೆ ಹಾರುವ ಆ ಮೈಯನ್ನು ಕಂಡು ಮಾರನೆಯ ದಿನವೇ ಕಲಿಸಿಕೊಡಿ ಎಂದು ಹೋಗಿ ನಿಂತ. ಎರಡು ವರ್ಷ ಮನೆಯವರಿಗೆ ಸುಳಿವು ಕೊಡದೆ ಕಲಿತ. ಗುರುಗಳ ಕೈ ಬಲು ಬಿರುಸು, ಏಟೂ ಬೀಳುತ್ತಿತ್ತಂತೆ. 1930ರಲ್ಲಿ ಜೇಬಿನಲ್ಲಿ ಎರಡು ರೂಪಾಯಿ ಇಟ್ಟುಕೊಂಡು ಸಂಸ್ಕೃತ ಓದಲು ಮೈಸೂರಿಗೆ ಓಡಿಹೋದ.

ಗುರುವೂ ಅಲ್ಲಿಗೇ ಬಂದರು. ನಾಲ್ವಡಿ ಕೃಷ್ಣರಾಜ ಒಡೆಯರು ಕೃಷ್ಣಮಾಚಾರ್ಯರನ್ನು ಕರೆಸಿಕೊಂಡು, 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ತೆರೆಸಿಕೊಟ್ಟರು. ಅರಮನೆಗೆ ಈ ವಿದ್ಯೆ ಹೊಸದೇನಲ್ಲ. ಮುಮ್ಮಡಿಯವರ ಕಾಲದ 'ಶ್ರೀತತ್ತ್ವನಿಧಿ'ಯಲ್ಲಿ 122 ಆಸನಗಳ ಚಿತ್ರಗಳಿವೆ. ಆದರೆ ಯೋಗಶಾಲೆಯಲ್ಲಿ ಬೆಳೆದದ್ದು ಬೇರೆ ತೆರನದು. ಅಲ್ಲಿ ಕಲಿಯುತ್ತಿದ್ದವರು ಹೆಚ್ಚಿನವರು ಅರಸು ಮನೆತನದ ಹುಡುಗರು. ಬಿಸಿರಕ್ತದ ಆ ವಯಸ್ಸಿನವರನ್ನು ಕಣ್ಣುಮುಚ್ಚಿ ಕೂರಿಸುವುದು ಎಂಥ ಕಷ್ಟ ಎಂದು ಒಂಬತ್ತನೇ ತರಗತಿ ಆಳಿದವನಿಗೆ ಗೊತ್ತು. ಕೃಷ್ಣಮಾಚಾರ್ಯರು ಅವರನ್ನು ಉಸಿರಿನ ಲೆಕ್ಕಕ್ಕೆ ಕುಣಿಸಿದರು. ಏಕಂ ಎಂದರೆ ಕೈ ಮೇಲೆ, ದ್ವೇ ಎಂದರೆ ಬಾಗು, ತ್ರೀಣಿ ಎಂದರೆ ತಲೆ ಎತ್ತು. ಇದನ್ನು ಮೊದಲ ಸಲ ಕಂಡಾಗ ನನ್ನೊಳಗಿನ ಡ್ರಿಲ್ ಮೇಷ್ಟ್ರು ನಕ್ಕುಬಿಟ್ಟ, ಇದು ನಮ್ಮ ಕವಾಯತೇ! ಅದೇ ಅರಮನೆಯ ಆವರಣದಲ್ಲಿ ಕೆ.ವಿ. ಅಯ್ಯರ್ ಅವರ ಶಿಷ್ಯರೊಬ್ಬರು ವ್ಯಾಯಾಮ ಕಲಿಸುತ್ತಿದ್ದರು. ಅಯ್ಯರ್ ಎಂದರೆ ನಮ್ಮ ಬೇಲೂರು ಸೀಮೆಯ ಕಥೆ ಹೇಳುವ 'ಶಾಂತಲಾ' ಕಾದಂಬರಿ ಬರೆದ ಬೆಂಗಳೂರಿನ ಅಂಗಸಾಧಕರೇ. ಗರಡಿ, ಕವಾಯತು, ಹಠಯೋಗ ಒಂದಕ್ಕೊಂದು ತಾಗಿಕೊಂಡು ಬೆಳೆದ ಕಾಲ ಅದು. ಹೀಗೆಂದರೆ ಕೆಲವರಿಗೆ ಸಿಟ್ಟು ಬರುತ್ತದೆ. ನನಗೆ ಇದರಲ್ಲಿ ಯೋಗಕ್ಕೆ ಅವಮಾನವೇನೂ ಕಾಣುವುದಿಲ್ಲ.

ಪಟ್ಟಾಭಿ ಜೋಯಿಸರು 1937ರಿಂದ ಮೈಸೂರಿನ ಸಂಸ್ಕೃತ ಪಾಠಶಾಲೆಯಲ್ಲಿ ಯೋಗ ಕಲಿಸಿ, 1948ರಲ್ಲಿ ಲಕ್ಷ್ಮೀಪುರಂನಲ್ಲಿ ತಮ್ಮದೇ ಸಂಸ್ಥೆ ಕಟ್ಟಿದರು. 1964ರಲ್ಲಿ ಬೆಲ್ಜಿಯಂನ ಆಂದ್ರೆ ವಾನ್ ಲೈಸ್‌ಬೆತ್ ಬಂದು ಕಲಿತರು. 1975ರಲ್ಲಿ ಕೌಶಿಕದ ಜೋಯಿಸರು ಕ್ಯಾಲಿಫೋರ್ನಿಯಾದ ಎನ್ಸಿನಿಟಾಸ್‌ಗೆ ಹೋಗಿ ಅಮೆರಿಕನ್ನರಿಗೆ ಏಕಂ, ದ್ವೇ ಎಣಿಸಿದರು. ಕೋಲಾರ ಸೀಮೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್ ಕೂಡ ಅದೇ ಗುರುವಿನ ಶಿಷ್ಯ, ಅವರ ಹೆಂಡತಿಯ ತಮ್ಮ. ಅವರ ಕಥೆ ಎಲ್ಲರಿಗೂ ಗೊತ್ತು. ಜೋಯಿಸರು 2009ರಲ್ಲಿ ತೀರಿಕೊಂಡ ಮೇಲೆ, ಆಸನ ತಿದ್ದುವ ನೆಪದಲ್ಲಿ ಅವರು ಮೈಮುಟ್ಟಿದ ರೀತಿ ಸರಿಯಿರಲಿಲ್ಲ ಎಂದು ಹಲವು ಶಿಷ್ಯೆಯರು ಬಹಿರಂಗವಾಗಿ ದೂರಿದರು. 2019ರಲ್ಲಿ ಮೊಮ್ಮಗ ಶರತ್ ಜೋಯಿಸರು ಕ್ಷಮೆ ಕೇಳಿದರು. ನಮ್ಮೂರಿನವರು ಎಂಬ ಅಭಿಮಾನಕ್ಕೆ ಇದನ್ನು ಮುಚ್ಚಿಡುವುದು ತಪ್ಪು.

ಆಸನವೇ ಯೋಗವೆಂದು ನಮ್ಮ ಜಿಲ್ಲೆ ಯಾವತ್ತೂ ಒಪ್ಪಿರಲಿಲ್ಲ ಎನ್ನುವುದೂ ನಿಜ. ಹೊಳೆನರಸೀಪುರದಲ್ಲಿದ್ದಾಗ ನಾನು ಸಂಜೆ ಅಧ್ಯಾತ್ಮ ಪ್ರಕಾಶ ಕಾರ್ಯಾಲಯದ ಕಡೆ ಹೋಗುತ್ತಿದ್ದೆ. ಸಚ್ಚಿದಾನಂದೇಂದ್ರ ಸರಸ್ವತೀ ಸ್ವಾಮಿಗಳು 1920ರಲ್ಲಿ ಸ್ಥಾಪಿಸಿದ ಸಂಸ್ಥೆ. ಅಲ್ಲಿ ಕೂತು ಶಾಂಕರಭಾಷ್ಯ ಓದಬೇಕು, ವಿಚಾರ ಮಾಡಬೇಕು. ಮೈ ಬಗ್ಗಿಸುವುದಕ್ಕೆ ಅಂಥ ಪಟ್ಟವಿಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಂತೂ 981ರ ಸುಮಾರಿಗೆ ಚಾವುಂಡರಾಯ ನಿಲ್ಲಿಸಿದ ಬಾಹುಬಲಿ ಕಾಯೋತ್ಸರ್ಗದಲ್ಲಿದ್ದಾನೆ. ಬಳ್ಳಿ ತೊಡೆ ಸುತ್ತಿ ತೋಳಿಗೆ ಹಬ್ಬಿದರೂ ಅಲುಗದ ನಿಲುವು. ತಾಡಾಸನ ಹೇಳಿಕೊಡುವಾಗ ಮಕ್ಕಳಿಗೆ ನಾನು ಆ ಬೆಟ್ಟವನ್ನೇ ತೋರಿಸುತ್ತಿದ್ದೆ.

2014ರ ಡಿಸೆಂಬರ್ 11ರಂದು ವಿಶ್ವಸಂಸ್ಥೆ 177 ದೇಶಗಳ ಸಹಪ್ರಾಯೋಜನೆಯಲ್ಲಿ ಯೋಗ ದಿನದ ನಿರ್ಣಯ ಅಂಗೀಕರಿಸಿತು. ಮರುವರ್ಷ ದೆಹಲಿಯ ರಾಜಪಥದಲ್ಲಿ 35,985 ಜನ ಒಟ್ಟಿಗೆ ಕೂತು ದಾಖಲೆ ಮಾಡಿದರು. 2022ರಲ್ಲಿ ರಾಷ್ಟ್ರಮಟ್ಟದ ಆಚರಣೆ ಮೈಸೂರು ಅರಮನೆಯ ಮುಂದೆಯೇ ನಡೆಯಿತು. ಅರಕಲಗೂಡಿನ ನಮ್ಮ ಆಚರಣೆ ಬೇರೆ ಥರ. ಮುಂಗಾರಿನ ಜಡಿ, ಒದ್ದೆ ಜಮಖಾನ. ಹೊಗೆಸೊಪ್ಪಿನ ನಾಟಿಗೆ ಹೋದ ಅರ್ಧ ಮಕ್ಕಳು ಗೈರು. ಬಂದವರಿಗೆ ಸರ್ಕಾರದ 45 ನಿಮಿಷದ ಕ್ರಮ ಮುಗಿಸಿ ಉಪ್ಪಿಟ್ಟು ಕೊಡುವುದು.

ಮುಖ್ಯೋಪಾಧ್ಯಾಯರಲ್ಲಿ ಒಂದು ವಿನಂತಿ. ಕೃಷ್ಣಮಾಚಾರ್ಯರ 'ಯೋಗ ಮಕರಂದ' 1934ರಲ್ಲಿ, 'ಯೋಗಾಸನಗಳು' 1941ರಲ್ಲಿ, ಜೋಯಿಸರ 'ಯೋಗ ಮಾಲಾ' 1962ರಲ್ಲಿ ಅಚ್ಚಾದವು. ಮೂರನ್ನೂ ಬರೆದದ್ದು ಕನ್ನಡದಲ್ಲಿ. 'ಯೋಗ ಮಾಲಾ' ಇಂಗ್ಲಿಷಿಗೆ ಹೋದದ್ದು 1999ರಲ್ಲಿ. ಬ್ಯಾನರಿಗೆ ಸುರಿಯುವ ದುಡ್ಡಿನಲ್ಲಿ ಸ್ವಲ್ಪ ಉಳಿಸಿ, ಸಿಕ್ಕಷ್ಟು ಪ್ರತಿ ಹುಡುಕಿ ಶಾಲೆಯ ಗ್ರಂಥಾಲಯಕ್ಕೆ ತರಿಸಿ.