ಟವಲ್ಲು, ಟಿಕೆಟ್ಟು, ಸೀಟು



1901ರಲ್ಲಿ ಮಸೂರು ಸ್ಟೇಷನ್ನಿನಲ್ಲಿ ಇಳಿದ ಬಾಲಕ ಭೀಮರಾವ್‌ಗೆ ಗಾಡಿ ಸಿಗಲಿಲ್ಲ. ಕೊನೆಗೆ ಒಬ್ಬ ಒಪ್ಪಿದ: ಬಾಡಿಗೆ ದುಪ್ಪಟ್ಟು, ಗಾಡಿ ಮಕ್ಕಳೇ ಹೊಡೀಬೇಕು, ಅವನು ಪಕ್ಕದಲ್ಲಿ ನಡೀತಾನೆ. ದುಡ್ಡಿಗೆ ಮಾತ್ರ ಮೈಲಿಗೆ ಇರಲಿಲ್ಲ ನೋಡಿ.

1948ರಲ್ಲಿ ಮೈಸೂರು ಸರ್ಕಾರ 120 ಬಸ್ಸುಗಳೊಂದಿಗೆ ತನ್ನದೇ ಸಾರಿಗೆ ಶುರು ಮಾಡಿತು. ಸಾರ್ವಜನಿಕ ವಾಹನದಲ್ಲಿ ನಮ್ಮನ್ನು ತಡೆಯೋದು ಅಪರಾಧ ಅಂತ 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಹೇಳಿತು. ಆದ್ರೂ ನಮ್ಮಪ್ಪ ಸೀಟು ಖಾಲಿಯಿದ್ರೂ ಟಿಕೆಟ್ ತಗೊಂಡು ನಿಂತೇ ಬರ್ತಿದ್ರು. ಯಾರೂ ಏಳು ಅಂದಿರಲಿಲ್ಲ. ಮುಂದಿನ ಸ್ಟಾಪಲ್ಲಿ ಊರಿನ ದೊಡ್ಡೋರು ಹತ್ತಿದ್ರೆ ಏಳಬೇಕಲ್ಲ, ಅದಕ್ಕಿಂತ ಕೂರದೇ ಇರೋದೇ ವಾಸಿ ಅನ್ನೋ ಲೆಕ್ಕ.

ನಾನು ಕಾಲೇಜಿಗೆ ಹೋಗುವಾಗ ಕಿಟಕಿಯಿಂದ ಟವಲ್ ಹಾಕಿ ಸೀಟು ಹಿಡಿಯೋದು ಕಲಿತೆ. ಯಾವ ಕಾನೂನಲ್ಲೂ ಇಲ್ಲದ ಮೀಸಲಾತಿ ಇದು! ನಮ್ಮ ಮೀಸಲಾತಿ ಅಂದ್ರೆ ಉರಿದು ಬೀಳೋರೂ ಬಸ್‌ಸ್ಟ್ಯಾಂಡಲ್ಲಿ ಕರ್ಚೀಫ್ ಹಿಡ್ಕೊಂಡು ಓಡ್ತಾರೆ.

ಒಂದ್ಸಲ ಅಪ್ಪನ ಟವಲ್ಲನ್ನೇ ಹಾಕಿ ಅವರಿಗೆ ಸೀಟು ಹಿಡಿದೆ. ತುದೀಲಿ ಕೂತರು. ಕಿಟಕಿ ಪಕ್ಕ ಇದ್ದ ನಮ್ಮೂರಿನವರು ಎದ್ದು ಹೋಗಿ ನಿಂತರು. ಅಪ್ಪನೂ ಏಳ್ತಾರೆ ಅಂದ್ಕೊಂಡೆ. ಏಳಲಿಲ್ಲ. ಕಿಟಕಿ ಕಡೆ ಸರಿದು, 'ಬಾ, ಕೂತ್ಕೋ' ಅಂದ್ರು.